ದಡಾರದ ಮೊದಲ ಗುರುತು

ಮಕ್ಕಳ ರೋಗಗಳನ್ನು ಅಭ್ಯಸಿಸುವ ವೈದ್ಯಕೀಯ ವಿದ್ಯಾರ್ಥಿಗೆ ದಡಾರವು ಕಲಿಸುವ ಪಾಠವೊಂದಿದೆ: ಮೈಮೇಲೆ ದದ್ದು ಏಳುವವರೆಗೆ ಕಾಯಬಾರದು. ಮುಂಬಯಿಯ ನೆರೆಹೊರೆಯವರು 'ಗೋವರ' ಎನ್ನುವ ಈ ರೋಗವು ಜ್ವರ, ಕೆಮ್ಮು, ನೆಗಡಿ, ಕೆಂಗಣ್ಣುಗಳಿಂದ ಆರಂಭವಾಗುತ್ತದೆ. ಇದನ್ನು ಸಾಮಾನ್ಯ ಶೀತವೆಂದು ಭ್ರಮಿಸುವುದು ಸುಲಭ. ಆಗ ಮಗುವಿನ ಬಾಯೊಳಗೆ ಟಾರ್ಚ್ ಹಿಡಿದು ನೋಡಬೇಕು. ಕೆನ್ನೆಯ ಒಳಬದಿಯಲ್ಲಿ, ದವಡೆ ಹಲ್ಲುಗಳ ಎದುರಿಗೆ, ಕೆಂಪಾದ ಚರ್ಮದ ಮೇಲೆ ರವೆಯ ಕಾಳಿನಂತಹ ಬಿಳಿ ಚುಕ್ಕೆಗಳಿದ್ದರೆ ಅದು ದಡಾರದ ಲಕ್ಷಣ. ನ್ಯೂಯಾರ್ಕಿನ ವೈದ್ಯ ಹೆನ್ರಿ ಕಾಪ್ಲಿಕ್ 1896ರಲ್ಲಿ ಇವುಗಳನ್ನು ವಿವರಿಸಿದರು. ಚುಕ್ಕೆಗಳು ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಒಂದೆರಡು ದಿನಗಳ ತರುವಾಯ ಕಿವಿಯ ಹಿಂಬದಿಯಿಂದ ಹೊರಟ ದದ್ದು ಮುಖ, ಎದೆ, ಕಾಲುಗಳಿಗೆ ಇಳಿಯುತ್ತದೆ.

ದದ್ದು ಕಾಣುವ 4 ದಿನ ಮೊದಲೇ ಮಗುವಿನಿಂದ ಸೋಂಕು ಹರಡತೊಡಗುತ್ತದೆ. ಒಂದೇ ಕೋಣೆಯಲ್ಲಿ ಮಲಗುವ ಮಹಾನಗರದ ಸಂಸಾರಗಳಿಗೆ ಇದು ದೊಡ್ಡ ಅಪಾಯ. 'ಅಮ್ಮ ಬಂದಿದ್ದಾಳೆ' ಎಂದು ವೈದ್ಯರಲ್ಲಿಗೆ ಒಯ್ಯದೆ ಮನೆಯಲ್ಲೇ ಇರಿಸಿಕೊಂಡರೆ ನ್ಯುಮೋನಿಯಾ, ಭೇದಿಗಳು ಮಗುವಿನ ಪ್ರಾಣಕ್ಕೇ ಎರವಾಗಬಹುದು. ವೈದ್ಯರು ಕೊಡುವ 'ಎ' ಜೀವಸತ್ವವು ಕಣ್ಣನ್ನೂ ಜೀವವನ್ನೂ ಕಾಯಲು ನೆರವಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾದ ರಕ್ಷಣೆ ಲಸಿಕೆ: 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಊರು ಬದಲಾದರೂ ಲಸಿಕೆಯ ಚೀಟಿ ಮಗುವಿನೊಡನೆಯೇ ಬರಲಿ.