ಪಿಜ್ಜಾ ತರಿಸಿದ್ರೆ ಓವರ್‌ಟೈಮ್ ಲೆಕ್ಕ ಮುಗೀತಾ?

ಶುಕ್ರವಾರ ರಾತ್ರಿ ಹನ್ನೊಂದೂವರೆ. ರಿಲೀಸ್ ಕೈಕೊಟ್ಟಿದೆ, ಟೀಮ್ ಪೂರ್ತಿ ಆಫೀಸಲ್ಲೇ ಇದೆ. ಮ್ಯಾನೇಜರ್ ಪಿಜ್ಜಾ ತರಿಸ್ತಾರೆ. ಸೋಮವಾರ ಗ್ರೂಪ್‌ನಲ್ಲಿ 'ಥ್ಯಾಂಕ್ಯೂ ಟೀಮ್' ಅಂತ ಮೆಸೇಜ್ ಬರುತ್ತೆ. ಅಲ್ಲಿಗೆ ಲೆಕ್ಕ ಚುಕ್ತಾ!

'ನಾವು ಸಾಫ್ಟ್‌ವೇರ್‌ನವರು, ನಮಗೆಲ್ಲಿಯ ಓವರ್‌ಟೈಮ್?' ಅಂತ ನಾನೂ ವರ್ಷಗಟ್ಟಲೆ ನಂಬಿದ್ದೆ. ಕಾನೂನು ತೆಗೆದು ಓದಿದ ಮೇಲೆ ಗೊತ್ತಾಯ್ತು, ಅದು ತಪ್ಪು.

ಬೆಂಗಳೂರಿನ ಐಟಿ ಕಂಪನಿಗಳಿಗೂ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ಕೆಲಸ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿಸಿದರೂ ದಿನಕ್ಕೆ 10 ಗಂಟೆ ದಾಟಬಾರದು. ಸತತ ಮೂರು ತಿಂಗಳಲ್ಲಿ ಒಟ್ಟು ಓವರ್‌ಟೈಮ್ 50 ಗಂಟೆ ಮೀರಬಾರದು. ಆ ಹೆಚ್ಚುವರಿ ಗಂಟೆಗಳಿಗೆ ಸಂಬಳ ದುಪ್ಪಟ್ಟು. ಗಂಟೆಗೆ 250 ರೂಪಾಯಿ ಕೂಲಿ ಬೀಳೋರಿಗೆ 500. ತಿಂಗಳಲ್ಲಿ 12 ಗಂಟೆ ಹೆಚ್ಚು ದುಡಿದರೆ 6,000 ರೂಪಾಯಿ. ಎಷ್ಟು ಪಿಜ್ಜಾ ಆಯ್ತು, ನೀವೇ ಲೆಕ್ಕ ಹಾಕಿ.

'ಐಟಿಗೆ ವಿನಾಯಿತಿ ಇದೆಯಲ್ಲ?' ಅಂತ ಕೇಳ್ತೀರಿ. ಇದೆ, ಆದರೆ ಅದು ಬೇರೆ ಕಾಯ್ದೆಯಿಂದ. 2024ರಲ್ಲಿ ಸರ್ಕಾರ ಐದು ವರ್ಷ ಮುಂದುವರಿಸಿದ್ದು 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯ ವಿನಾಯಿತಿ. ಅದಕ್ಕೂ ಓವರ್‌ಟೈಮ್ ಹಣಕ್ಕೂ ಸಂಬಂಧ ಇಲ್ಲ. ಅಂಗಡಿ ಕಾಯ್ದೆಯಿಂದ ಹೊರಗಿರೋದು ಆಡಳಿತದ ಹುದ್ದೆಯಲ್ಲಿ ಇರೋರು. ಹೆಸರಿನ ಮುಂದೆ 'ಲೀಡ್' ಅಂತ ಸೇರಿಕೊಂಡಿದೆ, ಆದರೆ ದಿನವಿಡೀ ಕೋಡ್ ಬರೀತೀರಿ ಅಂದರೆ ಆ ಪಟ್ಟಿಯಲ್ಲಿ ನೀವಿದ್ದೀರಾ ಅಂತ ಕೇಳಲೇಬೇಕು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ವೇತನ ಸಂಹಿತೆಯೂ ಓವರ್‌ಟೈಮ್‌ಗೆ ಕನಿಷ್ಠ ದುಪ್ಪಟ್ಟು ದರ ಅನ್ನುತ್ತೆ. ಬಾಕಿಗಾಗಿ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. 'ನನಗೆ ಓವರ್‌ಟೈಮ್ ಬೇಡ' ಅಂತ ಆಫರ್ ಲೆಟರ್‌ನಲ್ಲಿ ಸಹಿ ಹಾಕಿಸಿಕೊಂಡಿದ್ದರೂ ಆ ಷರತ್ತು ನಿಲ್ಲೋದಿಲ್ಲ.

ಸ್ಟಾರ್ಟಪ್ ನಡೆಸೋ ಗೆಳೆಯರೇ, ಇದು ನಿಮಗೂ ಪಾಠ. ಕೆಲಸದ ಗಂಟೆಗಳ ದಾಖಲೆ ಇಡಿ. ಇಲ್ಲದಿದ್ದರೆ ಮೂರು ವರ್ಷದ ಬಾಕಿ ಒಂದೇ ದಿನ ಮೇಜಿನ ಮೇಲೆ ಬಂದು ಕೂರುತ್ತೆ.

ಕೇಳಿದರೆ ರೇಟಿಂಗ್ ಹೋಗುತ್ತೆ ಅನ್ನೋ ಭಯ ಸುಳ್ಳಲ್ಲ. ನನಗೂ ಇತ್ತು. ಅದಕ್ಕೇ ಮೊದಲು ಬರೆದಿಡೋಕೆ ಶುರು ಮಾಡಿದೆ: ಬಂದ ಸಮಯ, ಹೊರಟ ಸಮಯ, ರಾತ್ರಿ ಬಂದ ಕಾಲ್, ಯಾರು ಹೇಳಿದ್ದು. ಒಂದೇ ತಿಂಗಳಲ್ಲಿ 27 ಗಂಟೆ ಹೆಚ್ಚು! ಎರಡು ತಿಂಗಳಿಗೇ ಮೂರು ತಿಂಗಳ ಮಿತಿ ದಾಟಿತ್ತು. ಆ ಶೀಟ್ ಮುಂದಿಟ್ಟಾಗ ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ದುಡ್ಡು ಇನ್ನೂ ಬಂದಿಲ್ಲ, ಎಚ್‌ಆರ್ ಜೊತೆ ಮಾತು ನಡೀತಿದೆ. ಆದರೆ ಮುಂದಿನ ರಿಲೀಸ್‌ಗೆ ಪಾಳಿ ಹಾಕಿದರು. ಆ ಶುಕ್ರವಾರ ರಾತ್ರಿ ಊಟ ಮನೆಯಲ್ಲೇ ಮಾಡಿದೆ.

ನೀವೂ ಇವತ್ತಿಂದಲೇ ಬರೆದಿಡಿ. ಹಣ ಕೇಳೋದು ಯಾವಾಗ ಅಂತ ಆಮೇಲೆ ಯೋಚಿಸಬಹುದು.