ಆ ಮೊದಲ ಹದಿನೈದು ನಿಮಿಷ

ನಾನು ನರ್ಸಿಂಗ್ ವಿದ್ಯಾರ್ಥಿನಿಯಾಗಿದ್ದ ಕಾಲದ ಒಂದು ರಾತ್ರಿ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಹೆರಿಗೆ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಬಾಣಂತಿಯರಿದ್ದರು. ರಕ್ತನಿಧಿಯಿಂದ ಬಂದ ಚೀಲವನ್ನು ಹೆಸರು ನೋಡಿ ಒಬ್ಬಾಕೆಗೆ ಏರಿಸಿದೆ. ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನು ನೋಡಲಿಲ್ಲ. ಐದು ನಿಮಿಷ ಕಳೆದಿರಬಹುದು. ‘ಸಿಸ್ಟರ್, ಸೊಂಟ ಸೆಳೀತಾ ಇದೆ, ಜೀವಕ್ಕೆ ಏನೋ ಆಗ್ತಾ ಇದೆ’ ಎಂದು ಆಕೆ ನರಳಿದಳು. ‘ಏನೂ ಆಗೊಲ್ಲಮ್ಮ, ಸುಮ್ಮನೆ ಮಲಗಿ’ ಎಂದು ಕಂಬಳಿ ಹೊದಿಸಿದೆ. ನಡುಕ ಆರಂಭವಾಯಿತು. ಅಪ್ಪಣೆಯಿಲ್ಲದೆ ರಕ್ತ ನಿಲ್ಲಿಸಿದರೆ ಬೈಗುಳ ತಪ್ಪದೆಂಬ ಭಯದಿಂದ ವೈದ್ಯರನ್ನು ಹುಡುಕಿಕೊಂಡು ಹೊರಟೆ. ಎದುರಾದ ಹಿರಿಯ ಸಿಸ್ಟರ್ ವಿಷಯ ಕೇಳಿದವರೇ ಓಡಿಹೋಗಿ ಮೊದಲು ಮಾಡಿದ ಕೆಲಸವೆಂದರೆ ನಳಿಕೆಯ ಕ್ಲ್ಯಾಂಪ್ ಮುಚ್ಚಿದ್ದು. ಆ ತಾಯಿ ಬದುಕಿದಳು. ಆದರೆ ಮೂತ್ರಪಿಂಡಗಳ ತೊಂದರೆಯಿಂದ ಹಲವು ದಿನ ನರಳಿದಳು.

ಇಂದು ನಾನು ಅದೇ ಪಾಠವನ್ನು ಹೇಳಿಕೊಡುವವಳು. ರಕ್ತವೆಂದರೆ ನಮ್ಮ ಜನರಿಗೆ ಮೊದಲು ನೆನಪಾಗುವುದು ಸೋಂಕಿನ ಭಯ. ಆ ದಿಕ್ಕಿನಲ್ಲಿ ದೇಶ ಸಾಕಷ್ಟು ಮುಂದೆ ಬಂದಿದೆ. ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ತೀರ್ಪಿನ ಫಲವಾಗಿ, ಹಣಕ್ಕಾಗಿ ರಕ್ತ ಮಾರುವ ಪದ್ಧತಿಗೆ 1998ರಿಂದ ನಿಷೇಧ ಬಂತು. ಪ್ರತಿ ಚೀಲದ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗಾಗಿ ಪರೀಕ್ಷಿಸುವುದು ಕಡ್ಡಾಯ. ಆದರೆ ಇಷ್ಟೆಲ್ಲ ಪರೀಕ್ಷೆ ದಾಟಿಬಂದ ಶುದ್ಧ ರಕ್ತವೂ ತಪ್ಪು ಹಾಸಿಗೆಗೆ ಹೋದರೆ ವಿಷವೇ. ಆ ತಪ್ಪು ಪ್ರಯೋಗಾಲಯದಲ್ಲಿ ಆಗುವುದಕ್ಕಿಂತ ಹೆಚ್ಚಾಗಿ ರೋಗಿಯ ಬಳಿಯಲ್ಲೇ ಆಗುತ್ತದೆ. ಮಾದರಿ ತೆಗೆದ ಟ್ಯೂಬಿಗೆ ಬೇರೊಬ್ಬರ ಚೀಟಿ ಅಂಟಿಸುವುದು, ಚೀಲ ಏರಿಸುವಾಗ ಗುರುತು ತಪ್ಪುವುದು ಇದರ ಮೂಲ.

ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ವಿವರಿಸಿದ ಮೇಲೆ ಹೊಂದಾಣಿಕೆಯ ಅರಿವು ಮೂಡಿತು. ‘ಓ’ ಗುಂಪಿನ ರಕ್ತ ಎಲ್ಲರಿಗೂ ಆಗುತ್ತದೆಂಬ ಮಾತು ಕೂಡ ಪೂರ್ಣ ಸತ್ಯವಲ್ಲ. 1952ರಲ್ಲಿ ಮುಂಬಯಿಯ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ ‘ಬಾಂಬೆ’ ಗುಂಪಿನವರಿಗೆ ‘ಓ’ ರಕ್ತವೂ ಒಗ್ಗದು. ಆದ್ದರಿಂದಲೇ ಕ್ರಾಸ್‌ಮ್ಯಾಚ್ ಪರೀಕ್ಷೆಗೆ ಅಷ್ಟು ಮಹತ್ವ.

ವಿದ್ಯಾರ್ಥಿಗಳಿಗೆ ನಾನು ಹೇಳುವ ಮೊದಲ ಮಾತು ಇದು: ‘ನೀವು ಲಕ್ಷ್ಮಮ್ಮನವರಾ?’ ಎಂದು ಕೇಳಬೇಡಿ. ‘ನಿಮ್ಮ ಹೆಸರು ಹೇಳಿ’ ಎಂದು ಕೇಳಿ. ದಣಿದ ರೋಗಿ ಯಾವ ಪ್ರಶ್ನೆಗೂ ತಲೆಯಾಡಿಸಿಬಿಡುತ್ತಾರೆ. ಹೆಸರು, ನೋಂದಣಿ ಸಂಖ್ಯೆ, ರಕ್ತದ ಗುಂಪು, ಚೀಲದ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇವನ್ನು ಇಬ್ಬರು ರೋಗಿಯ ಪಕ್ಕದಲ್ಲೇ ನಿಂತು ತಾಳೆ ನೋಡಬೇಕು. ರಕ್ತದ ನಳಿಕೆಯಲ್ಲಿ ನಾರ್ಮಲ್ ಸಲೈನ್ ಬಿಟ್ಟು ಗ್ಲೂಕೋಸ್ ದ್ರಾವಣವನ್ನಾಗಲೀ ಔಷಧಿಯನ್ನಾಗಲೀ ಬೆರೆಸಬಾರದು. ಕೆಂಪುರಕ್ತಕಣಗಳ ಚೀಲವನ್ನು ಶೀತಕದಿಂದ ತೆಗೆದ 30 ನಿಮಿಷಗಳೊಳಗೆ ಆರಂಭಿಸಿ, 4 ಗಂಟೆಗಳೊಳಗೆ ಮುಗಿಸಬೇಕು. ತಣ್ಣಗಿದೆಯೆಂದು ಬಿಸಿನೀರಿನಲ್ಲಿ ಅದ್ದುವುದು ಅಪಾಯಕಾರಿ.

ಮೊದಲ 15 ನಿಮಿಷ ರಕ್ತ ನಿಧಾನವಾಗಿ ಹರಿಯಬೇಕು, ನರ್ಸ್ ರೋಗಿಯ ಬಳಿಯಲ್ಲೇ ಇರಬೇಕು. ಗುಂಪು ಹೊಂದದಿದ್ದರೆ ತುಸು ರಕ್ತ ಒಳಹೋದರೂ ಜ್ವರ, ನಡುಕ, ಬೆನ್ನುನೋವು, ಎದೆಯ ಬಿಗಿತ, ಕೆಂಪು ಮೂತ್ರ ಕಾಣಿಸಬಹುದು. ಕಾರಣ ತಿಳಿಯದ ದಿಗಿಲೂ ಒಂದು ಲಕ್ಷಣವೇ. ಅರಿವಳಿಕೆಯಲ್ಲಿರುವ ರೋಗಿ ಬಾಯಿಬಿಟ್ಟು ಹೇಳಲಾರರು. ಅವರಲ್ಲಿ ಕುಸಿಯುವ ರಕ್ತದೊತ್ತಡ, ನಿಲ್ಲದ ರಕ್ತಸ್ರಾವ, ಮೂತ್ರದ ಬಣ್ಣಗಳೇ ಮಾತನಾಡಬೇಕು. ಮೈಮೇಲೆ ಏಳುವ ದದ್ದು ಅಲರ್ಜಿಯನ್ನು ಸೂಚಿಸಿದರೆ, ವೃದ್ಧರಲ್ಲಿ, ಹೃದ್ರೋಗಿಗಳಲ್ಲಿ ಉಸಿರುಗಟ್ಟುವುದು ದ್ರವದ ಹೊರೆ ಹೆಚ್ಚಿದ್ದರ ಸೂಚನೆಯಿರಬಹುದು. ಯಾವುದೆಂದು ಆ ಕ್ಷಣದಲ್ಲಿ ನಿರ್ಧರಿಸುವುದು ನರ್ಸಿನ ಕೆಲಸವಲ್ಲ. ರಕ್ತ ನಿಲ್ಲಿಸುವುದು, ಹೊಸ ಸೆಟ್‌ನಿಂದ ಸಲೈನ್ ಹರಿಸಿ ರಕ್ತನಾಳದ ದಾರಿ ಉಳಿಸಿಕೊಳ್ಳುವುದು, ವೈದ್ಯರನ್ನು ಕರೆಸುವುದು, ಗುರುತನ್ನು ಮತ್ತೆ ತಾಳೆ ನೋಡುವುದು, ಚೀಲವನ್ನು ಬಿಸಾಡದೆ ರಕ್ತನಿಧಿಗೆ ಮರಳಿಸುವುದು ಅವರ ಕೆಲಸ.

ಇದೆಲ್ಲ ಪಠ್ಯಪುಸ್ತಕದಲ್ಲಿದೆ. ನನಗೂ ಅಂದು ಬಾಯಿಪಾಠವಾಗಿತ್ತು. ನನ್ನ ಕೈ ಕಟ್ಟಿಹಾಕಿದ್ದು ಅಜ್ಞಾನವಲ್ಲ, ಭಯ. ಹಿರಿಯರನ್ನು ಕೇಳದೆ ಏನನ್ನೂ ಮುಟ್ಟಬಾರದೆಂಬ ಶಿಸ್ತನ್ನು ಕಲಿಸುವ ನಾವು, ಕೇಳದೆಯೂ ನಿಲ್ಲಿಸಬೇಕಾದ ಸಂದರ್ಭವೊಂದಿದೆ ಎಂಬುದನ್ನು ಅಷ್ಟೇ ಗಟ್ಟಿಯಾಗಿ ಕಲಿಸುವುದಿಲ್ಲ. ಇಡೀ ವಾರ್ಡಿಗೆ ಒಬ್ಬಳೇ ನರ್ಸ್ ಇರುವಾಗ ಒಬ್ಬ ರೋಗಿಯ ಬಳಿ 15 ನಿಮಿಷ ನಿಲ್ಲೆನ್ನುವುದೂ ಆತ್ಮವಂಚನೆಯೇ. ರಕ್ತ ಪೂರಣದ ಅವಘಡಗಳನ್ನು ದಾಖಲಿಸಲೆಂದು 2012ರ ಡಿಸೆಂಬರ್‌ನಲ್ಲಿ ದೇಶದಲ್ಲಿ ಹಿಮೋವಿಜಿಲೆನ್ಸ್ ಕಾರ್ಯಕ್ರಮ ಆರಂಭವಾಯಿತು. ಆದರೆ ತಪ್ಪು ಒಪ್ಪಿಕೊಂಡವರನ್ನು ಶಿಕ್ಷಿಸುವ ಕಡೆ ಯಾವ ವರದಿಯೂ ಪ್ರಾಮಾಣಿಕವಾಗಿರದು.

ಹೀಗಾಗಿ ಪ್ರತಿ ವರ್ಷ ಹೊಸ ತರಗತಿಗೆ ನನ್ನ ತಪ್ಪನ್ನು ಮುಚ್ಚಿಡದೆ ಹೇಳುತ್ತೇನೆ. ಈಚೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಮೇಡಂ, ಸುಮ್ಮನೆ ಹೆದರಿ ನಿಲ್ಲಿಸಿಬಿಟ್ಟರೆ?’ ‘ಒಂದು ಚೀಲ ರಕ್ತ ವ್ಯರ್ಥವಾಗಬಹುದು, ನಿನಗೆ ನಾಲ್ಕು ಮಾತು ಬೀಳಬಹುದು. ಎರಡನ್ನೂ ನಾವು ಭರಿಸಬಲ್ಲೆವು’ ಎಂದೆ.