ಪ್ರವೇಶವೂ ಅಧಿಕಾರವೂ

ಶಾಲಾ ವರ್ಷ ಅರ್ಧಕ್ಕೆ ಬರುತ್ತಲೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಶಾಲಾ ಕಾರ್ಯಾಲಯಗಳಲ್ಲಿ ‘ಲಾಗಿನ್ ಆಗವಲ್ದು’ ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಸಲ್ಲಿಸುವ ಕೊನೆಯ ದಿನ ಸಮೀಪಿಸಿರುತ್ತದೆ. ಕೂಲಿ ಬಿಟ್ಟು ಬಂದ ತಾಯಿ ಹೊರಗೆ ಕಟ್ಟೆಯ ಮೇಲೆ ಕುಳಿತಿರುತ್ತಾಳೆ. ಒಳಗೆ ಗಣಕಯಂತ್ರವು ಕೆಂಪಕ್ಷರದ ಒಂದು ವಾಕ್ಯವನ್ನು ತೋರಿಸಿ ಸುಮ್ಮನಾಗಿರುತ್ತದೆ. ಅರ್ಜಿ ಸಲ್ಲದೆ ಹೋದರೆ ಆ ವರ್ಷದ ವೇತನ ಮಗುವಿಗೆ ದೊರೆಯದು. ಆದುದರಿಂದ ಇದು ಯಂತ್ರಜ್ಞರಿಗೆ ಮಾತ್ರ ಬಿಟ್ಟುಕೊಡತಕ್ಕ ವಿಷಯವಲ್ಲ. ಅಧ್ಯಾಪಕರೂ ಇದರ ಸ್ವರೂಪವನ್ನು ಅರಿತಿರುವುದು ಅವಶ್ಯಕ.

‘ಲಾಗಿನ್ ಆಗುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ದೋಷಗಳು ಅಡಗಿವೆ. ‘ನೀನು ಯಾರು?’ ಎಂಬುದು ಜಾಲತಾಣವು ಕೇಳುವ ಮೊದಲನೆಯ ಪ್ರಶ್ನೆ. ‘ನಿನಗೆ ಏನು ಮಾಡುವ ಹಕ್ಕಿದೆ?’ ಎಂಬುದು ಎರಡನೆಯದು. ಮೊದಲನೆಯದು ಗುರುತಿಗೆ ಸಂಬಂಧಿಸಿದುದು, ಎರಡನೆಯದು ಅಧಿಕಾರಕ್ಕೆ. ಮಠದ ದಾಸೋಹದ ಪಂಕ್ತಿಯಲ್ಲಿ ಯಾರೆಂದು ಕೇಳುವ ರೂಢಿಯೇ ಇಲ್ಲ. ಆದರೆ ಭಂಡಾರದ ಕೀಲಿಕೈ ಎಲ್ಲರ ಕೈಗೂ ಬರುವುದಿಲ್ಲ. ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಅರಮನೆಯ ಕಾವಲಿನವನಿಗೆ ಪರಿಚಿತರಾದವರು ಅನೇಕರಿದ್ದಿರಬೇಕು, ಭಂಡಾರವನ್ನು ತೆರೆಯತಕ್ಕವರು ಕೆಲವರೇ. ಪರಿಚಯ ಬೇರೆ, ಅಧಿಕಾರ ಬೇರೆ.

ಈ ಭೇದವನ್ನು ಯಂತ್ರವೂ ಅಂಕಿಗಳಿಂದ ಸೂಚಿಸುತ್ತದೆ. 1996ರಲ್ಲಿ ಪ್ರಕಟವಾದ ಎಚ್‌ಟಿಟಿಪಿ ನಿಯಮಾವಳಿಯಲ್ಲಿಯೇ 401 ಮತ್ತು 403 ಎಂಬ ಎರಡು ಸಂಖ್ಯೆಗಳಿವೆ. 401 ಬಂದರೆ ಬಂದವನ ಗುರುತು ಸಿದ್ಧವಾಗಿಲ್ಲವೆಂದು ಅರ್ಥ. 403 ಬಂದರೆ ಕೇಳಿದುದನ್ನು ಕೊಡಲು ಯಂತ್ರ ನಿರಾಕರಿಸಿದೆ, ಬಹುಮಟ್ಟಿಗೆ ಗುರುತಿದ್ದರೂ ಅನುಮತಿಯಿಲ್ಲವೆಂದು ಅರ್ಥ. ವಿನೋದವೆಂದರೆ, 401ಕ್ಕೆ ಆ ನಿಯಮಕಾರರು ಇಟ್ಟ ಇಂಗ್ಲಿಷ್ ಹೆಸರು ‘ಅನಧಿಕೃತ’ ಎಂಬರ್ಥದ್ದು. ಶಬ್ದವನ್ನು ತಪ್ಪಾಗಿ ಇಟ್ಟರು, ತಪ್ಪು ಹಾಗೆಯೇ ನಿಂತಿತು. 500ರಿಂದ ಆರಂಭವಾಗುವ ಸಂಖ್ಯೆಗಳು ಬಂದರೆ ದೋಷ ಅತ್ತಕಡೆಯ ಯಂತ್ರದ್ದು. ಕೊನೆಯ ದಿನದ ನೂಕುನುಗ್ಗಲಿನಲ್ಲಿ ಇವು ಬರುವುದುಂಟು. ಆಗ ಗುಪ್ತಪದವನ್ನು ಬದಲಾಯಿಸುತ್ತ ಕೂಡುವುದು ವ್ಯರ್ಥ. ಬೆಳಗಿನ ಜಾವ ಪುನಃ ಪ್ರಯತ್ನಿಸುವುದೇ ಲೇಸು.

ಮೊದಲನೆಯ ಬಾಗಿಲಿನ ದೋಷಗಳು ಬಹುಶಃ ಚಿಕ್ಕವು. ಕಾರ್ಯಾಲಯದಲ್ಲಿ ಪತ್ರ ಬರೆಯಲು ತೆರೆದ ನುಡಿ ತಂತ್ರಾಂಶವು ಕನ್ನಡದಲ್ಲಿಯೇ ಉಳಿದಿದ್ದರೆ, ಗುಪ್ತಪದದ ಮನೆಯಲ್ಲಿ ಒತ್ತಿದ ಅಕ್ಷರವೊಂದು, ಮೂಡುವ ಅಕ್ಷರ ಮತ್ತೊಂದು. ಅಲ್ಲಿ ಚುಕ್ಕೆಗಳಷ್ಟೇ ಕಾಣುವುದರಿಂದ ತಪ್ಪು ತಿಳಿಯುವುದೇ ಇಲ್ಲ. ಇದೇ ತಪ್ಪನ್ನು ಹಲವು ಬಾರಿ ಮಾಡಿದರೆ ಖಾತೆಗೆ ಬೀಗ ಬೀಳಬಹುದು. ಹಳೆಯ ಯಂತ್ರದೊಳಗಿನ ಗುಂಡಿಯಾಕಾರದ ಬ್ಯಾಟರಿ ಸತ್ತುಹೋದರೆ, ವಿದ್ಯುತ್ತು ಹೋಗಿ ಬಂದಾಗಲೆಲ್ಲ ಅದರ ದಿನಾಂಕ ವರ್ಷಗಳ ಹಿಂದಕ್ಕೆ ಸರಿಯುತ್ತದೆ. ಆಗ ಜಾಲತಾಣದ ಪ್ರಮಾಣಪತ್ರದ ಅವಧಿ ಹೊಂದದೆ ಬ್ರೌಸರು ಪುಟವನ್ನೇ ತೆರೆಯದು. ಮೂಲೆಯಲ್ಲಿನ ಗಡಿಯಾರವನ್ನು ನೋಡುವ ಅಭ್ಯಾಸ ಅನೇಕ ತೊಂದರೆಗಳನ್ನು ಉಳಿಸುತ್ತದೆ. ಇನ್ನು ಕುಕಿ ಎಂಬುದು 1994ರಿಂದ ಬಳಕೆಗೆ ಬಂದ ಒಂದು ಬಗೆಯ ಚೀಟಿ. ಜಾಲತಾಣಕ್ಕೆ ಸ್ವಭಾವತಃ ನೆನಪಿಲ್ಲ. ಒಮ್ಮೆ ಗುರುತಿಸಿದವನಿಗೆ ಚೀಟಿ ಕೊಟ್ಟು, ಪುಟಪುಟಕ್ಕೂ ಅದನ್ನು ನೋಡಿ ಒಳಗೆ ಬಿಡುತ್ತದೆ. ಚೀಟಿಯ ಅವಧಿ ಮುಗಿದರೆ ಅರ್ಜಿಯ ನಡುವೆಯೇ ಹೊರಗೆ ಹಾಕುತ್ತದೆ. ಹಿಂದಿನವನು ನಿರ್ಗಮಿಸದೆ ಎದ್ದುಹೋಗಿದ್ದರೆ ಮುಂದಿನ ಹುಡುಗನಿಗೆ ಅವನ ಅರ್ಜಿಯೇ ತೆರೆದುಕೊಳ್ಳುತ್ತದೆ.

ಒಟಿಪಿ ಎಂಬ ಒಂದು ಬಾರಿಯ ಅಂಕಿಯ ಸಂಕಷ್ಟ ಈ ನಾಲ್ಕು ತಾಲ್ಲೂಕುಗಳಲ್ಲಿ ಸ್ವಲ್ಪ ಹೆಚ್ಚೇ ಎನ್ನಬೇಕು. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಕುಟುಂಬಗಳು ದುಡಿಮೆಗೆಂದು ಮಹಾರಾಷ್ಟ್ರಕ್ಕೂ ಗೋವೆಗೂ ಹೋಗುತ್ತವೆ. ಅಲ್ಲಿ ಹೊಸ ಸಿಮ್ ಬರುತ್ತದೆ, ಹಳೆಯದು ಮೂಲೆ ಸೇರುತ್ತದೆ. ಮುಂಗಡ ಹಣದ ಸಿಮ್ ಮೂರು ತಿಂಗಳು ಬಳಕೆಯಿಲ್ಲದೆ ಬಿದ್ದರೆ ಕಂಪನಿಯು ಅದನ್ನು ನಿಲ್ಲಿಸಬಹುದು, ಕಾಲಾನಂತರ ಅದೇ ಸಂಖ್ಯೆಯನ್ನು ಮತ್ತೊಬ್ಬರಿಗೆ ಕೊಡಬಹುದು. ಆಗ ಮಗುವಿನ ಅಂಕಿ ಅಪರಿಚಿತರ ಕೈ ಸೇರುತ್ತದೆ. ಅವಸರದಲ್ಲಿ ಸೈಬರ್ ಅಂಗಡಿಯವರ ಸಂಖ್ಯೆಯನ್ನೇ ಕೊಟ್ಟು ಖಾತೆ ತೆರೆಯುವುದೂ ಉಂಟು. ಮರುವರ್ಷ ಆ ಅಂಗಡಿಯೇ ಇರದಿದ್ದರೆ ಖಾತೆಯೂ ಕೈತಪ್ಪುತ್ತದೆ. ಸಂಖ್ಯೆ ತಂದೆಯದೋ ತಾಯಿಯದೋ ಆಗಿದ್ದು, ನಿತ್ಯ ಬಳಕೆಯದಾಗಿರಬೇಕು. ಆಧಾರಿನಲ್ಲಿರುವ ಸಂಖ್ಯೆ ಬದಲಾಗಿದ್ದರೆ ಅರ್ಜಿಯ ಕಾಲ ಬರುವ ಮೊದಲೇ ಆಧಾರ್ ಕೇಂದ್ರದಲ್ಲಿ ತಿದ್ದಿಸಿಕೊಂಡಿರಬೇಕು.

ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರಿನ ಭಿನ್ನತೆ. ಕನ್ನಡದಲ್ಲಿ ‘ಬಸವರಾಜ’ ಒಂದೇ. ಅದನ್ನು ಇಂಗ್ಲಿಷ್ ಲಿಪಿಗೆ ಇಳಿಸುವಾಗ ಒಬ್ಬರು ಕೊನೆಗೆ ಅಕಾರ ಕೊಡುತ್ತಾರೆ, ಇನ್ನೊಬ್ಬರು ಬಿಡುತ್ತಾರೆ, ಮತ್ತೊಬ್ಬರು ನಡುವಿನ ಸ್ವರವನ್ನೇ ನುಂಗುತ್ತಾರೆ. ತಂದೆಯ ಹೆಸರು ಒಂದೆಡೆ ಪೂರ್ಣ, ಮತ್ತೊಂದೆಡೆ ಒಂದಕ್ಷರ. ‘ಬಿರಾದಾರ’ ಎಂಬ ಅಡ್ಡಹೆಸರು ಒಂದೆಡೆ ಮೊದಲು, ಮತ್ತೊಂದೆಡೆ ಕೊನೆಗೆ, ಇನ್ನೊಂದೆಡೆ ಇಲ್ಲವೇ ಇಲ್ಲ. ಊರಿಗೆಲ್ಲ ಅವನು ಒಬ್ಬನೇ ಬಸವರಾಜ. ಅಕ್ಷರವನ್ನೇ ಪ್ರಮಾಣವೆಂದು ನಂಬುವ ಯಂತ್ರಕ್ಕೆ ಮೂವರು. ಗ್ರಂಥಸಂಪಾದನೆಯಲ್ಲಿ ಇದಕ್ಕೆ ಪಾಠಾಂತರವೆಂದು ಹೆಸರು. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ನೆಲೆಸಿ, ಮನೆಮನೆಯ ತಾಡೋಲೆಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಓಲೆಗಳನ್ನು ಪರಿಷ್ಕರಿಸುವವರು ಮೊದಲು ವಿಚಾರಿಸುವುದು ಯಾವ ಪ್ರತಿಯನ್ನು ನೋಡಿ ಯಾವ ಪ್ರತಿ ಬರೆಯಲ್ಪಟ್ಟಿತು ಎಂಬುದನ್ನು. ಇಲ್ಲಿಯೂ ಅದೇ ಮಾರ್ಗ. ಶಾಲಾ ಮಕ್ಕಳ ವಿಷಯದಲ್ಲಿ ಎಸ್‌ಎಸ್‌ಪಿಯು ವಿವರಗಳನ್ನು ಸ್ಯಾಟ್ಸ್ ದಾಖಲೆಯಿಂದ ತಂದು ಆಧಾರಿನೊಡನೆ ಹೋಲಿಸುತ್ತದೆ. ಸ್ಯಾಟ್ಸ್‌ನ ವಿವರ ಬಂದುದು ಶಾಲೆಯ ದಾಖಲಾತಿ ಪುಸ್ತಕದಿಂದ. ನಕಲಿನಲ್ಲಿ ತಿದ್ದಲು ಎಷ್ಟು ಹೆಣಗಿದರೂ ಮೂಲ ತಿದ್ದದ ಹೊರತು ತಪ್ಪು ಮರಳಿ ಬರುತ್ತದೆ. ದಾಖಲಾತಿ ಪುಸ್ತಕ ಸರಿಯಿದ್ದು ಸ್ಯಾಟ್ಸ್‌ನಲ್ಲಿ ತಪ್ಪಿದ್ದರೆ ಸ್ಯಾಟ್ಸ್‌ನಲ್ಲಿ ತಿದ್ದತಕ್ಕದ್ದು. ಆಧಾರಿನಲ್ಲಿ ತಪ್ಪಿದ್ದರೆ ಆಧಾರ್ ಕೇಂದ್ರಕ್ಕೆ ಹೋಗತಕ್ಕದ್ದು. ಆಧಾರಿನಲ್ಲಿ ಹೆಸರಿನ ತಿದ್ದುಪಡಿಗೆ ಸಾಮಾನ್ಯವಾಗಿ ಜೀವಮಾನದಲ್ಲಿ ಎರಡು ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಆದ್ದರಿಂದ ಯಾವುದು ಶುದ್ಧಪಾಠವೆಂದು ನಿಶ್ಚಯಿಸದೆ ಕೇಂದ್ರಕ್ಕೆ ಓಡುವುದು ಅವಿವೇಕ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆಯನ್ನು ತುಂಬುವ ಮೊದಲು ಅಲ್ಲಿರುವ ಹೆಸರನ್ನೂ ಒಮ್ಮೆ ಓದಿಕೊಳ್ಳಬೇಕು. ಮಗುವನ್ನು ಒಂದನೆಯ ತರಗತಿಗೆ ಸೇರಿಸಿಕೊಳ್ಳುವ ದಿನ ಅರ್ಧ ಗಳಿಗೆ ಹೆಚ್ಚು ವ್ಯಯಿಸಿದ್ದರೆ ಈ ಅಲೆದಾಟದ ಬಹುಭಾಗ ತಪ್ಪುತ್ತಿತ್ತು.

ಎರಡನೆಯ ಬಾಗಿಲಿನ ದೋಷ ಶಾಲೆಯ ಕಡೆಯದು. ರಾಷ್ಟ್ರೀಯ ವಿದ್ಯಾರ್ಥಿವೇತನದ ಜಾಲತಾಣದಲ್ಲಿ ವಿದ್ಯಾರ್ಥಿಯು ಸಲ್ಲಿಸಿದ ಅರ್ಜಿಯನ್ನು ಮೊದಲು ಸಂಸ್ಥೆಯ ನೋಡಲ್ ಅಧಿಕಾರಿ ಪರಿಶೀಲಿಸಬೇಕು, ಅನಂತರ ಮೇಲಿನ ಹಂತದವರು. ಹೊಸದಾಗಿ ಬಂದ ಮುಖ್ಯಗುರುಗಳು ತಮ್ಮ ಗುಪ್ತಪದದಿಂದ ಒಳಗೆ ಹೋಗುತ್ತಾರೆ, ಪುಟವೂ ತೆರೆಯುತ್ತದೆ, ಅನುಮೋದಿಸುವ ಗುಂಡಿ ಮಾತ್ರ ಕಾಣಿಸದು. ಏಕೆಂದರೆ ಆ ಹೊಣೆ ನಿವೃತ್ತರಾದ ಹಿಂದಿನವರ ಹೆಸರಿನಲ್ಲಿಯೇ ಇರುತ್ತದೆ. ಗುಪ್ತಪದವನ್ನು ಹತ್ತು ಬಾರಿ ಬದಲಾಯಿಸಿದರೂ ಈ ಗುಂಡಿ ಬಾರದು. ಮೇಲಿನ ಹಂತದ ಅಧಿಕಾರಿಗಳಿಂದ ಹೊಣೆಯನ್ನು ಹೊಸಬರ ಹೆಸರಿಗೆ ಮಾಡಿಸಿಕೊಳ್ಳಬೇಕು. ಗುಮಾಸ್ತರಿಗೆ ತಮ್ಮ ಗುಪ್ತಪದವನ್ನೇ ಹೇಳಿ ಕೆಲಸ ಮಾಡಿಸುವುದು ಸುಲಭವೆಂದು ತೋರುತ್ತದೆ. ಆದರೆ ಅಲ್ಲಿ ದಾಖಲಾಗುವ ಪ್ರತಿಯೊಂದು ಅನುಮೋದನೆಯೂ ಮುಖ್ಯಗುರುಗಳ ಹೆಸರಿನದೇ. ಅಂಕಿತವು ಕವಿಯ ಗುರುತು. ಅನ್ಯರು ಬರೆದುದಕ್ಕೆ ಅದೇ ಅಂಕಿತ ಬಿದ್ದಾಗ ಪ್ರಕ್ಷಿಪ್ತವನ್ನು ಬೇರ್ಪಡಿಸಲು ವಿದ್ವಾಂಸರು ಪಟ್ಟ ಪಾಡನ್ನು ವಚನಸಾಹಿತ್ಯದ ಅಭ್ಯಾಸಿಗಳು ಬಲ್ಲರು.

ಮುಖ್ಯಗುರುಗಳು ಬದಲಾಗುವಾಗ ಬೀಗದ ಕೈ, ದಾಖಲಾತಿ ಪುಸ್ತಕ, ಪೀಠೋಪಕರಣಗಳ ಯಾದಿಗೆ ಸಹಿ ಬೀಳುತ್ತದೆ. ಅದೇ ಯಾದಿಯಲ್ಲಿ ಯಾವ ಯಾವ ಜಾಲತಾಣಗಳಲ್ಲಿ ಶಾಲೆಯ ಹೊಣೆ ಯಾರ ಹೆಸರಿನಲ್ಲಿದೆ, ಯಾವ ಮೊಬೈಲ್ ಸಂಖ್ಯೆಗೆ ಅಂಕಿ ಬರುತ್ತದೆ ಎಂಬುದನ್ನೂ ಬರೆದಿಡುವುದು ಯುಕ್ತ. ಗುಪ್ತಪದವನ್ನು ಮಾತ್ರ ಬರೆಯತಕ್ಕದ್ದಲ್ಲ. ಬಂದವರು ಅಧಿಕಾರ ವಹಿಸಿಕೊಂಡ ದಿನವೇ ತಮ್ಮದನ್ನು ಹೊಸದಾಗಿ ಮಾಡಿಕೊಳ್ಳಬೇಕು.